ಬಿಸಲಾಗ ಸಜ್ಜಿಯ ಸಾಲಿ

ಹಲೋ… ಹಾಂ, ಯಾರ್ರಿ ಮಾತಾಡೋರು?… ಇಳಕಲ್ಲಿಂದ ಗುರುಸಿದ್ದವ್ವ ರಿ, ನೀವು ಯಾರು?… ಅಯ್ಯ ನನ್ನ ಶಿವನ! ರೋಹಿಣಿ ಏನು? ಹೊಸಾ ನಂಬರ್ ನೋಡಿ ಯಾರೋ ಬ್ಯಾಂಕಿನವ್ರು ಅನ್ಕೊಂಡೆ. ಸೊಸಿ ದನಿ ಗುರ್ತ ಹತ್ತಲಿಲ್ಲ ನೋಡು ನನಗ…

ಹಾಂ, ಆರಾಮ ಅದೀವಿ. ಮಹಾಂತೇಶ ಆಫೀಸಿಗೆ ಹೋದ್ನಾ?… ವಿದ್ಯಾಗಿರ್ಯಾಗ ಇನ್ನೂ ಅಷ್ಟು ಸೆಕಿ ಐತಾ?… ತಗಡಿನ ಕೆಳಗ ಮತ್ತೇನು ತಂಪು ಇರ್ತೈತಿ? ಬ್ಯಾಸಗಿ ಮುಗಿಯೂತನಕ ನಾಯಿಮರಿನ ಇಲ್ಲಿ ತಂದು ಬಿಟ್ಟಿದ್ದು ಛಲೋ ಆತು…

ಸಜ್ಜಿನಾ? ಅದೂ ಆರಾಮ ಐತಿ… ಯಾವ ಫೋಟೋ?… ಕಾಲಿಗೆ ಬಟ್ಟಿ ಕಟ್ಟಿದ್ದಾ?… ಪಕ್ಕದ ಮನಿ ಫರಹಾನಾ ಸ್ಟೇಟಸ್ ಹಾಕ್ಯಾಳಾ? ಅಕಿ ಬಾಯಿ ಮುಚ್ಚಿದ್ರೂ ಫೋನು ಮುಚ್ಚಂಗಿಲ್ಲ ಬಿಡು…

ಹೇಳ್ತೇನಿ, ಹೇಳ್ತೇನಿ. ಮೊದ್ಲ ನೀ ಕುಂದರು… ಕುಂತಿಯಾ?… ಸಜ್ಜಿ ಈಗ ಅಡಗಿಮನಿ ಬಾಗಲಕ್ಕ ಅಡ್ಡ ಮಲಗೈತಿ, ನಾ ಅದನ್ನ ದಾಟಿ ದಾಟಿ ರೊಟ್ಟಿ ಬಡ್ಯಾಕತ್ತೇನಿ. ಇಷ್ಟು ತಲ್ಯಾಗ ಇಟಗೊಂಡು ಉಳದಿದ್ದು ಕೇಳು.

ನಿಮ್ಮ ಮಾವಗ ರಿಟೈರ್ ಆದ ಮ್ಯಾಲೆ ಏನರೆ ಕೆಲಸಾ ಬೇಕಲ್ಲ? ಬಸ್ಸಿನ್ಯಾಗ ಊದ್ತಿದ್ದ ಸೀಟಿ ಟ್ರಂಕಿನ್ಯಾಗಿಂದ ತಗದ್ರು. ಒಂದು ಊದಿದ್ರ ನಿಂದರಬೇಕು, ಎರಡು ಊದಿದ್ರ ಓಡಿ ಬರಬೇಕು… ನಗಬ್ಯಾಡ, ಖರೇನ! ಕಲ್ತತಿ ಅದು! ಅಂಗಳದಾಗ ಕಲ್ತಿದ್ದು ಸಾಕಾಗಲಿಲ್ಲ ಅವ್ರಿಗೆ. “ಸಾಲಿ ಮೈದಾನದಾಗ ದೂರಿಂದ ಓಡಿ ಬರಂಗ ಮಾಡ್ತೇನಿ, ರೋಹಿಣಿ ಬಂದು ನೋಡಿ ಬೆರಗಾಗ್ಬೇಕು” ಅಂತ ಹೊಂಟ್ರು ಮೊನ್ನಿ…

ಯಾವಾಗಾ? ಅದ ನೋಡು… ಪೂಜಾ, ಪೇಪರ್, ಎರಡನೇ ಚಾ, ಎಲ್ಲಾ ಮುಗಿಸಿ, ಬಿಸಿಲು ನೆತ್ತಿಗೆ ಬಂದ ಮ್ಯಾಲೆ. ನಾ ಬ್ಯಾಡ್ರಿ ಅಂದೆ. “ಮುಧೋಳ ನಾಯಿ ಅದು, ಈ ನೆಲದ್ದು, ಬಿಸಿಲು ಏನ ಮಾಡ್ತೈತಿ ಅದಕ್ಕ” ಅಂದ್ರು. ತಮಗ ಟೊಪಗಿ, ತಮಗ ಚಪ್ಪಲಿ! ಅದರ ಕಾಲಾಗ ಏನೈತಿ?…

ಹೌದವಾ, ಸಿಟ್ಟು ಬರ್ತೈತಿ. ನನಗೂ ಬಂತು…

ಅವ್ರು ಊದೋದು, ಅದು ಓಡೋದು. ಅವ್ರಂದ್ರ ಅದಕ್ಕ ಜೀವ, ಕರದಾಗೊಮ್ಮೆ ಓಡಿ ಬಂದೈತಿ. ಸಾಕು ಅನ್ನಾಕ ಬಾಯಿ ಇಲ್ಲಲ್ಲ ಪಾಪ. ಮನಿಗೆ ಬರೋ ಮುಂದ ಟಾರ್ ರಸ್ತಾದಾಗ ಕಾಲು ಎತ್ತಿ ಎತ್ತಿ ಇಡ್ತಂತ. ಆಮ್ಯಾಲೆ ತೂರಾಡಿ ಕುಸದು ಬಿತ್ತಂತ…

ಅಳಬ್ಯಾಡ. ಏ ಹುಚ್ಚಿ, ಆರಾಮ ಐತಿ ಅಂದ್ನಿಲ್ಲೋ?…

ಎತಗೊಂಡು ಬಂದ್ರು ನಿಮ್ಮ ಮಾವ. ಆ ನೋಯೋ ಮೊಳಕಾಲಿನ್ಯಾಗ, ಓಡ್ಕೋತ. ಬಾಗಲದಾಗ ನಿಂತು “ಗುರುಸಿದ್ದೀ” ಅಂದ್ರು, ಅಷ್ಟ. ಇಷ್ಟು ವರ್ಷ ಸಂಸಾರ ಮಾಡೇನಿ, ಅವ್ರ ದನಿ ಹಂಗ ಕೇಳಿದ್ದಿಲ್ಲ ನಾ…

ಹಾಂ… ನಾಲಿಗಿ ಇಷ್ಟುದ್ದ ಹೊರಗ, ಜೊಲ್ಲು ಸುರ್ಯಾಕತ್ತಿತ್ತು, ಮೈ ಅಂದ್ರ ರೊಟ್ಟಿ ಹಂಚು. ನೆಳ್ಳಾಗ ಮಲಗಿಸಿ ಹೊಟ್ಟಿಗೆ, ತೊಡಿಗೆ, ಕಾಲಿಗೆ ನೀರು ಸುರುವಿದೆ. ಫರಹಾನಾ ಟೇಬಲ್ ಫ್ಯಾನ್ ಎತಗೊಂಡು ಓಡಿ ಬಂದು, ಇನ್ನೊಂದು ಕೈಲೆ ಡಾಕ್ಟರಿಗೆ ಫೋನ್ ಹಚ್ಚಿದ್ಳು. ಬರ್ಫ ಹಚ್ಚಬ್ಯಾಡ್ರಿ, ಬಾಯಾಗ ನೀರು ಒತ್ತಿ ಹಾಕಬ್ಯಾಡ್ರಿ, ತೋಯಿಸ್ಕೋತ ಗಾಳಿ ಹಾಕ್ಕೋತ ಲಗೂನ ಕರಕೊಂಡು ಬರ್ರಿ ಅಂದ್ರು ಅವ್ರು…

ಆಟೋ ಎಲ್ಲಿ ಸಿಗಬೇಕು ಆ ಹೊತ್ನ್ಯಾಗ? ಫರಹಾನಾನ ಸ್ಕೂಟಿ! ಅಕಿ ಮುಂದ, ನಾ ಹಿಂದ, ತೊಡಿ ಮ್ಯಾಲೆ ಸಜ್ಜಿ. ನನ್ನ ಸೀರಿ ತೊಯ್ದು ತಪ್ಪಡಿ. ಬಜಾರದಾಗ ಮಂದಿ ನಿಂತು ನೋಡಾಕತ್ತಿದ್ರು. ನೋಡ್ಲಿ!…

ಹಾಂ, ಹಾಂ, ನಾಯಿ ಮುಟ್ಟಂಗಿಲ್ಲ ಅಂದಾಕಿ ನಾನ. ಈಗ್ಯಾಕ ಅದೆಲ್ಲಾ?…

ನಿಮ್ಮ ಮಾವನೂ ಹಿಂದಿಂದ ಬಂದ್ರು. ದವಾಖಾನ್ಯಾಗ ಡಾಕ್ಟರು ಸಲಾಯಿನ್ ಹಚ್ಚಿದ್ರು. ಇನ್ನೊಂದಿಷ್ಟು ತಡಾ ಮಾಡಿದ್ರ ಕೈಯಾಗ ಉಳೀತಿದ್ದಿಲ್ಲ ಅಂದ್ರು, ರೋಹಿಣಿ. ಸಂಜಿಮುಂದ ಕಣ್ಣು ತಗದು ನನ್ನ ಕೈಯಾಗಿನ ಬಳಿ ಮೂಸಿ ನೋಡ್ತು. ನಿಮ್ಮ ಮಾವ ಎದ್ದು ಹೊರಗ ಹೋದ್ರು. ಅಳೂದು ನನಗ ಕಾಣಬಾರ್ದಂತ…

ಅಂಗಾಲಿಗೆ ಬೊಬ್ಬಿ ಎದ್ದಾವ. ಮುಲಾಮು ಹಚ್ಚಿ ಬಟ್ಟಿ ಕಟ್ಯಾರ, ಅದ ನೀ ನೋಡಿದ್ದು…

ಏನಂದಿ?… ನಾಳೆ ಬಂದು ಒಯ್ತೀಯಾ?… ಬ್ಯಾಡ ಬೇ. ಸ್ವಲ್ಪ ಕೇಳು ಇಲ್ಲೆ. ಆ ತಗಡಿನ ಕೆಳಗ ಎಲ್ಲಿ ಇಡ್ತಿ? ಇಬ್ರೂ ಡ್ಯೂಟಿಗೆ ಹೋದ್ರ ನೀರು ಯಾರು ಹಾಕ್ತಾರ? ಇಲ್ಲಿ ಮಣ್ಣಿನ ಮ್ಯಾಳಗಿ ಐತಿ, ನೆಲ ತಂಪು ಐತಿ, ನಾ ಅದೇನಿ…

ಸಜ್ಜಿ ಸಾಲಿ ಬಂದ್ ಆಗಿಲ್ಲ, ವ್ಯಾಳೆ ಬದಲಾಗೈತಿ. ಹೊತ್ತು ಹೊಂಡೂದ್ರಾಗ ಪಾಠ ಮುಗೀತೈತಿ. ಗಾಯ ಮಾಯೂತನಕ ಪಡಸಾಲ್ಯಾಗ ಕುಂದರೋದು, ನಿಂದರೋದು, ಅಷ್ಟ. ತೇಕಾಕ ಹತ್ತಿದ್ರ ಅಲ್ಲಿಗೆ ರಜಾ. ಹೊರಗ ಕಾಲು ಇಡೂಕಿನ ಮೊದ್ಲ ನಿಮ್ಮ ಮಾವ ನೆಲಕ್ಕ ಅಂಗೈ ಒತ್ತಿ ಹಿಡೀತಾರ. ತಮ್ಮ ಕೈ ತಾಳಿದ್ರ ಅಷ್ಟ ಅದರ ಕಾಲು. ನಿನ್ನೆ ಓಣ್ಯಾಗ ಕುಂತು ರಸ್ತಾ ಮುಟ್ಟಿ ನೋಡಾಕತ್ತಿದ್ರು, ಎದುರುಮನಿ ಕಾಶಪ್ಪ ಬಂದು “ಏನ ಕಳದೈತ್ರಿ?” ಅಂತ ತಾನೂ ಹುಡುಕಾಕ ಕುಂತ!… ನಗು, ನಗು. ಹಿಂಗ ನಗಬೇಕು…

ಇನಾಮು? ಕಲ್ಲಂಗಡಿ ಹೋಳು, ಬೀಜ ತಗದು… ತತ್ತಿ ನಮ್ಮ ಮನ್ಯಾಗ ಎಲ್ಲಿ ಬೇ? ಫರಹಾನಾನ ಮನಿಗೆ ಹೋಗಿ ತಿಂದು ಬರ್ತೈತಿ. ನನಗ ಗೊತ್ತಿಲ್ಲ ಅನ್ಕೊಂಡಾರ ಅಕಿ, ಸಜ್ಜಿ ಇಬ್ರೂ…

ನಿಮ್ಮ ಮಾವನಾ?… ನೆಟ್ಟಗ ಉಂಡಿಲ್ಲವಾ ಅವ್ರು. “ರೋಹಿಣಿಗೆ ನಾನ ಹೇಳ್ತೇನಿ” ಅಂತ ಫೋನು ಎತ್ತೋದು, ಇಡೋದು. ಅದಕ್ಕ ನಾನೂ ಸುಮ್ಮನಿದ್ದೆ… ಮಾತಾಡ್ತೀಯಾ? ಸಿಟ್ಟು ಮಾಡಬ್ಯಾಡ ಮತ್ತ… ತಡಿ.

ಏನ್ರಿ, ಇಲ್ಲೆ ಬರ್ರಿ. ರೋಹಿಣಿ… ಬರ್ರಿ ಅಂದ್ರ! ಸ್ಪೀಕರ್ ಹಚ್ಚೇನಿ. ಹೇಳು ರೋಹಿಣಿ…

ಕೇಳಿದ್ರಿಲ್ಲೋ? ಸಜ್ಜಿ ನಿಮ್ಮ ಹಂತ್ಯಾಕನ ಇರ್ಲಿ ಮಾವಾ ಅನ್ನಾಕತ್ತಾಳ ಹುಡುಗಿ. ಮೊದ್ಲ ನೀವು ಉಣ್ರಿ ಅಂತ…

ತಲಿ ಅಲ್ಲಾಡಿಸಾಕತ್ತಾರವಾ. ರೀ, ಫೋನಿನ್ಯಾಗ ತಲಿ ಅಲ್ಲಾಡಿಸಿದ್ರ ಅಕಿಗೆ ಹ್ಯಾಂಗ ಕಾಣಬೇಕು? ಬಾಯಿ ತಗೀರಿ!…

ಅಯ್ಯ, ನಿನ್ನ ದನಿ ಕೇಳಿ ಎದ್ದ ಬಿಡ್ತು ನೋಡು! ಕುಂಟಕೋತ ಬಂತು… ಏ ಸಜ್ಜಿ, ಫೋನಿನ ಹಿಂದ ಏನ ಹುಡುಕ್ತಿ? ರೋಹಿಣಿ ಅಲ್ಲಿಲ್ಲ… ಹಾಂ?… ನಿಮ್ಮ ಮಾವ ನಗಾಕತ್ತಾರ ಬೇ, ಕಣ್ಣಾಗ ನೀರು, ಬಾಯಾಗ ನಗಿ. ಗಂಗಾಳ ತಗೊಂಡು ಬಾ ಅನ್ನಾಕತ್ತಾರ. ಎರಡು ರೊಟ್ಟಿ ಹೆಚ್ಚಿಗಿ ಅಂತ! ನೀವಿಬ್ರೂ ರವಿವಾರ ಬರ್ರಿ, ನಾ ಹೋಳಿಗಿ… ಏ, ನೆಕ್ಕಬ್ಯಾಡ! ಆ ಕೆಂಪು ಗುಂಡಿಗೆ ನಾಲಿಗಿ ಹಚ್ಚಬ್ಯಾಡ, ಕಟ್ ಆಕ—