ಡೇರಿಯ ಮೂಗು

…ಇಲ್ಲ ಸ್ವಾಮಿ, ಕೊಯ್ದಿಲ್ಲ. ಎಲ್ಲಿದೆ ಗಾಯ? ಹತ್ತಿರ ಬಂದು ನೋಡಿ. ಮೂಗಿನ ಹೊಳ್ಳೆಯಿಂದಲೇ ಕೊಳವೆ ಬಿಟ್ರು. ತುದೀಲಿ ಕ್ಯಾಮೆರಾ. ಗಡ್ಡೆ ತೆಗೆದ್ರು. ಅಷ್ಟೇ.

ಕ್ಯಾನ್ಸರ್ ಅಲ್ಲ. ಸಾದಾ ಗಡ್ಡೆ. ನೆಲ್ಲಿಕಾಯಿ ಗಾತ್ರ… ಯಾಕೆ ನಗ್ತೀರಿ? ಮೂಗು ದೊಡ್ಡದು, ಜಾಗ ಇತ್ತು, ಬೆಳೀತು.

ಕೂತ್ಕೊಳ್ಳಿ ಮ್ಯಾನೇಜರ್ರೇ. ಆ ಸ್ಟೂಲು ಬೇಡ, ಕಾಲು ಮುರಿದಿದೆ. ಮಂಚದ ಮೇಲೆ.

ಡಾಕ್ಟರಮ್ಮ ವಿಡಿಯೋನೂ ತೋರಿಸಿದ್ರು. ನಮ್ಮ ಅಳಿಯ ಬಾಳೆಹಣ್ಣು ತಿಂತಾ ನೋಡಿದ. ‘ಮಾವ, ಒಳಗೆ ಗುಹೆ ಇದೆ’ ಅಂದ. ಕತ್ತೆ.

ಮೂಗು ಸೀಟೋ ಹಾಗಿಲ್ಲ. ಸೀನು ಬಂದ್ರೆ ಬಾಯಿ ತೆರೆದು ಸೀನಬೇಕು. ನಿನ್ನೆ ಸೀನಿದೆ. ಹಲ್ಲಿನ ಸೆಟ್ಟು ಪಕ್ಕದ ಮಂಚಕ್ಕೆ ಹೋಯ್ತು. ಅಲ್ಲಿರೋದು ಪೋಸ್ಟ್‌ಮ್ಯಾನ್. ತಂದು ಕೊಟ್ಟ… ನಗಬೇಡಿ ಅಂದ್ನಲ್ಲ! ನಂಗೂ ನಗು ಬಂದ್ರೆ ಒಳಗೆ ನೋಯುತ್ತೆ.

ಸೋಮವಾರ ಡ್ಯೂಟಿಗೆ ಬರ್ತೀನಿ. ನನ್ನ ಜಾಗಕ್ಕೆ ಯಾರನ್ನೂ ಹಾಕಬೇಡಿ. ಮಿಷನ್ನೂ ಬೇಡ. ಕ್ಯಾನಿನ ಮುಚ್ಚಳ ತೆಗೀಬೇಕು, ಒಂದ್ಸಲ ಮೂಸಬೇಕು, ಹುಳಿ ಹಾಲನ್ನ ವಾಪಸ್ ಕಳಿಸಬೇಕು. ಹನ್ನೊಂದು ವರ್ಷ ಮಾಡಿದ್ದೀನಿ. ಒಂದು ದಿನ ತಪ್ಪಿದ್ದುಂಟಾ? ಹೇಳಿ.

ಏನದು ಬಾಟಲಿ? ಮೂಸಬೇಕಾ? ಪರೀಕ್ಷೆ? ನಂಗೆ! ಕೊಡಿ ಇಲ್ಲಿ…

ಹೂಂ. ಒಳ್ಳೇ ಹಾಲು. ಇವತ್ತು ಬೆಳಗಿಂದು. ಎಮ್ಮೇದಲ್ಲ, ಹಸೂದು.

…ಏನು ಹಾಗೆ ನೋಡ್ತೀರಿ? ಸರಿ, ಸ್ವಲ್ಪ ಹುಳಿ. ಒಂಚೂರು. ಹುಳಿ ಅಂತಲೇ ಇಟ್ಕೊಳ್ಳಿ.

ಅಲ್ವಾ? ನರ್ಸಮ್ಮ ಯಾಕೆ ಸೆರಗಲ್ಲಿ ಮೂಗು ಮುಚ್ಕೊಂಡ್ರು?

…ಫಿನಾಯಿಲಾ!

ಅದು… ಒಳಗೆ ಇನ್ನೂ ಬಾವು ಇದೆ. ಇಳಿದ ಮೇಲೆ ವಾಸನೆ ಬರುತ್ತಂತೆ. ಬಂದ್ರೂ ಬರಬಹುದು ಅಂದ್ರು ಡಾಕ್ಟರಮ್ಮ. ಎಷ್ಟು ದಿನದಿಂದ ಇಲ್ಲ ಅಂತ ಮಾತ್ರ ಕೇಳಬೇಡಿ.

ಕೇಳಲ್ವಾ?

ಏಳಬೇಡಿ ಸ್ವಾಮಿ. ಬೈದುಬಿಡಿ. ಹೀಗೆ ಎದ್ದು ಹೋಗಬೇಡಿ…

ಮೂರು ವರ್ಷ.

ಆದ್ರೆ ಒಂದು ಕ್ಯಾನೂ ತಪ್ಪಿಲ್ಲ! ತಟ್ಟೆಗೆ ನಾಲ್ಕು ಹನಿ ಬಿಟ್ಟು ಬಾಗಿಲ ಹಿಂದೆ ಇಡ್ತಿದ್ದೆ. ನೆಕ್ಕಿದ್ರೆ ಪಾಸು. ಮುಖ ತಿರುಗಿಸಿದ್ರೆ ವಾಪಸ್.

ಬೆಕ್ಕು. ನಮ್ಮ ಗೋದಾಮಿನ ಬೆಕ್ಕು.

…ಸರಿ. ಕೆಲಸ ಅದಕ್ಕೇ ಕೊಡಿ. ಬೇಡ ಅನ್ನಲ್ಲ. ಆದ್ರೆ ಮ್ಯಾನೇಜರ್ರೇ, ಕ್ಯಾನಿನ ಮುಚ್ಚಳ ತೆಗೆಯೋಕೆ ಅದಕ್ಕೆ ಬರಲ್ಲ. ಅದಕ್ಕೊಬ್ಬ ಆಳು ಬೇಕಾಗುತ್ತೆ.