ಹ್ಯಾನಾಳ ಕ್ರಯಪತ್ರ

ಅದು ಗುರುವಾರ, ನಮ್ಮ ಬೀದಿಯಲ್ಲಿ ಕಸದ ನೀಲಿ ಬಿನ್ ಹೊರಗಿಡುವ ದಿನ. ನವೆಂಬರ್ ಆದ್ದರಿಂದ ನಾಲ್ಕೂವರೆಗೇ ಕತ್ತಲಾಗಿತ್ತು. ನಾನು ಶಾಲೆಯಿಂದ ಬಂದು, ಬಿನ್ ಎಳೆದಿಟ್ಟು, ಮಕ್ಕಳ ಗಣಿತದ ಪುಸ್ತಕ ತಿದ್ದುತ್ತಿದ್ದೆ. ಐದೂ ಮುಕ್ಕಾಲಿಗೆ ತಿರುಮಲೇಶ ಬಂದ. ಕ್ರಯಪತ್ರವನ್ನು ಲ್ಯಾಪ್‌ಟಾಪ್ ಚೀಲದಲ್ಲಿಟ್ಟುಕೊಂಡು ಹೋದ.

ತಿರುಮಲೇಶ ನನ್ನ ಗಂಡ ಚಂದ್ರಶೇಖರ್ ಅವರ ಚಿಕ್ಕಪ್ಪನ ಮಗ. ಮುಂದಿನದು ಆದದ್ದು ಅವನಿಗೆ. ಅವನು ಹೇಳಿದ ಹಾಗೇ ಬರೆಯುತ್ತೇನೆ.

ನಮ್ಮದೂ ಅವನದೂ ಎರಡೂ ಮನೆ ಕೆಂಟನ್ ಬಡಾವಣೆಯಲ್ಲೇ, ಹನ್ನೆರಡು ನಿಮಿಷದ ದಾರಿ. ಹಳ್ಳದ ಪಕ್ಕದ ಕಾಲುದಾರಿ ಹಿಡಿದರೆ ನಡುವೆ ಒಂದು ಹಳೇ ಓಕ್ ಮರ. ಮರದ ಹತ್ತಿರ ಬಂದಾಗ ಚೀಲದೊಳಗೆ ಸದ್ದಾಯಿತಂತೆ. ಚರ್... ಚರ್... ಹಳೇ ಚರ್ಮದ ಹಾಳೆ ಮಡಿಕೆ ಬಿಚ್ಚಿದ ಹಾಗೆ. ನಡಿಗೆಗೆ ಅಲುಗಾಡುತ್ತಿದೆ ಅಂದುಕೊಂಡು ನಿಂತ. ನಿಂತ ಮೇಲೂ ಚರ್... ಚರ್...

ಆಮೇಲೆ ಬೆನ್ನ ಹಿಂದೆ, ಕಟಕಟ. ಒಂದು ಕ್ಷಣ ಬಿಟ್ಟು, ಪ್ಸ್...

ಆ ಸದ್ದು ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತು. ಇವರಿಗೆ ಅಸ್ತಮಾ. ಇನ್‌ಹೇಲರನ್ನು ಎರಡು ಸಲ ಅಲ್ಲಾಡಿಸಿ, ಒಂದು ಕ್ಷಣ ತಡೆದು, ಒಳಗೆಳೆದುಕೊಳ್ಳುತ್ತಿದ್ದರು. ಇವರು ತೀರಿಕೊಂಡು ಅಂದಿಗೆ ಮೂವತ್ತೇಳು ದಿನ.

ಆಮೇಲೆ ಕಿವಿಯ ಹತ್ತಿರ ಪಿಸುಮಾತು. "ಅವಳನ್ನ ಬೇರೆ ಕರೆದು ಕೇಳಿದ್ಯಾ?"

ಬೇರೆ ಯಾರಿಗಾದರೂ ಈ ಮಾತು ಅರ್ಥವಾಗುತ್ತಿರಲಿಲ್ಲ. ತಿರುಮಲೇಶನಿಗೆ ಆಯಿತು.

ಇವರು ಕೂಡಿಹಾಕುತ್ತಿದ್ದದ್ದು ಓಹಾಯೋ ನದಿಯ ಆಚೆ ಕಾಡು ಕಡಿದು ನೆಲೆ ನಿಂತವರ ಜಮೀನು ಪತ್ರಗಳನ್ನು. ಒಟ್ಟು ನಲವತ್ತೊಂದು. ಅದರಲ್ಲಿ 1811ರದ್ದೊಂದರ ಮೇಲೆ ಇವರಿಗೆ ಪ್ರಾಣ. ಅಲ್ಲಿ ಗಂಡ ಜಮೀನು ಮಾರಿದರೆ ಹೆಂಡತಿಯ ಒಪ್ಪಿಗೆಯೂ ಬೇಕಿತ್ತು. ಮ್ಯಾಜಿಸ್ಟ್ರೇಟ್ ಅವಳನ್ನು ಬೇರೆ ಕರೆದು, ಗಂಡನಿಗೆ ಕೇಳಿಸದಷ್ಟು ದೂರ ಒಯ್ದು, ಹೆದರಿಕೆಯಿಲ್ಲದೆ ಒಪ್ಪಿದ್ದೀಯಾ ಅಂತ ಕೇಳಿ, ಪತ್ರದ ಹಿಂದೆ ಬರೆಯಬೇಕು. ಈ ಪತ್ರದ ಹಿಂದೆ ಹಾಗೆ ಬರೆದಿತ್ತು. ಕೆಳಗೆ ಹ್ಯಾನಾ ಎಂಬ ಹೆಂಗಸು ಸಹಿಯ ಬದಲು ಶಾಯಿಯಲ್ಲಿ ಎಳೆದ ಗುಣಾಕಾರದ ಗುರುತು. ರಾತ್ರಿ ಹತ್ತಾದರೂ ಇವರು ಭೂತಗನ್ನಡಿ ಹಿಡಿದು ಅದರ ಮುಂದೆ ಕೂತಿರುತ್ತಿದ್ದರು. "ಹ್ಯಾನಾಗೂ ತಟ್ಟೆ ಹಾಕ್ಲಾ?" ಅಂತ ಅಡುಗೆಮನೆಯಿಂದ ಕೇಳುತ್ತಿದ್ದೆ. ನಗುತ್ತಲೇ ಕೇಳುತ್ತಿದ್ದೆ, ಆದರೆ ಪೂರ್ತಿ ತಮಾಷೆಗಲ್ಲ.

ತಿರುಮಲೇಶನಿಗೂ ಇದೇ ಹುಚ್ಚು. ಅಣ್ಣ ಹೋಗುತ್ತಿದ್ದ ಹಳೇ ಪತ್ರಗಳ ಮಾರಾಟಕ್ಕೇ ಹೋಗುತ್ತಿದ್ದ, ಪತ್ರ ನೋಡಲು ಅಣ್ಣನ ದೀಪದಂಥದೇ ದೀಪ ತಂದ. ಹೆಂಗಸಿನ ಗುರುತಿರುವ ಪತ್ರ ಮಾತ್ರ ಅವನಿಗೆ ಒಂದೂ ಸಿಗಲಿಲ್ಲ. ಹದಿಮೂರನೇ ದಿನದ ಊಟದ ಪಂಕ್ತಿಯಲ್ಲಿ, ನಾನು ಪಾಯಸ ಬಡಿಸುವಾಗ, ಎಲ್ಲರೆದುರು ಕೇಳಿದ. ಅಣ್ಣನ ನೆನಪಿಗೆ ಅದೊಂದು ತನಗಿರಲಿ ಅಂದ. ಇಪ್ಪತ್ತಾರು ಜನ ತಲೆ ಎತ್ತಿ ನನ್ನನ್ನೇ ನೋಡಿದರು. ಸಾವಿನ ಮನೆಯಲ್ಲಿ ಉಣ್ಣುತ್ತ ಕೂತವನಿಗೆ ಇಲ್ಲ ಅನ್ನುವುದು ಹೇಗೆ? ಆಯ್ತು ಅಂದೆ.

ಆ ಗುರುವಾರ ಆರೂ ಹತ್ತಕ್ಕೆ ಬಾಗಿಲು ಬಡಿಯಿತು. ತಿರುಮಲೇಶ. ಅರ್ಧ ದಾರಿಯಿಂದ ಓಡಿ ಬಂದಿದ್ದ. ಅಡುಗೆಮನೆಯಲ್ಲಿ ನಿಂತೇ ಎಲ್ಲ ಹೇಳಿದ. ಆಮೇಲೆ ಚೀಲವನ್ನು ಮೇಜಿನ ಮೇಲಿಟ್ಟು, ತಗ್ಗಿದ ದನಿಯಲ್ಲಿ, "ಅತ್ತಿಗೆ, ಈಗ ನಿಮ್ಮೊಬ್ಬರನ್ನೇ ಬೇರೆ ಕೇಳ್ತಿದ್ದೀನಿ. ಕೊಡ್ತೀರಾ?"

"ಇಲ್ಲ."

ಅವನ ಮುಖದಲ್ಲಿ ನಿರಾಳ ಕಂಡಿತು. ನನ್ನ ತಲೆಯಲ್ಲಿದ್ದದ್ದು ಬೇರೆ. ಯಾವ ಕಿವಿಯ ಹತ್ತಿರ ಮಾತಾಡಿದರು ಅಂತ ಕೇಳಿದೆ. ಬಲಗಿವಿ ಅಂದ. ದನಿ ದಣಿದಿತ್ತಾ? ಇಲ್ಲವಂತೆ. ನನ್ನ ಹೆಸರು ಹೇಳಿದರಾ? ಅದೂ ಇಲ್ಲ. ಮೂವತ್ತೇಳು ರಾತ್ರಿ ನಾನು ದೀಪ ಆರಿಸಿ, ರೇಡಿಯೇಟರಿನ ಟಿಕ್ ಟಿಕ್ ಕೂಡ ಬೇಡವೆಂದು ಅದನ್ನೂ ಆರಿಸಿ, ಕಾದು ಕೂತಿದ್ದೇನೆ. ನನ್ನ ಹತ್ತಿರ ಬರಲಿಲ್ಲ. ಜೀವಮಾನವಿಡೀ ತಮ್ಮನ್ನು ಕಂಡು ಕರುಬಿದವನ ಕಿವಿಗೆ ಬಂದು ಮಾತಾಡಿದರು. ಅವನ ಆ ಬಲಗಿವಿಯನ್ನೇ ನೋಡುತ್ತ ನಿಂತೆ. ಅವನ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಆ ದಾರಿಯಲ್ಲಿ ನಾನೇ ನಡೆದೆ. ಇವರಿದ್ದಾಗ ನನ್ನ ಎಡಗಡೆ, ಭುಜದ ಮೇಲೆ ಕೈಯಿಟ್ಟು ನಡೆಯುತ್ತಿದ್ದ ದಾರಿ. ಶನಿವಾರವೂ ನಡೆದೆ, ಭಾನುವಾರವೂ. ಏನೂ ಕೇಳಿಸಲಿಲ್ಲ.

ಮನಸ್ಸಿಲ್ಲದೆ ಕೊಟ್ಟದ್ದನ್ನು ಅವನು ಒಯ್ಯುತ್ತಿದ್ದಾಗ ತಾನೇ ಇವರು ಬಂದದ್ದು? ಮುಂದಿನ ಗುರುವಾರ ತಿರುಮಲೇಶನನ್ನು ಕರೆಸಿ ಪತ್ರ ಕೈಗಿಟ್ಟೆ.

"ಅತ್ತಿಗೆ, ಬೇಡ. ನಿಮಗೆ ಇಷ್ಟ ಇಲ್ಲ."

"ಇಲ್ಲ. ಅದಕ್ಕೇ. ನಡಿ."

ಅವನು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಗಾಳಿಯಿಲ್ಲದ ಮಳೆ, ನೆಟ್ಟಗೆ ಸುರಿಯುತ್ತಿತ್ತು. ಇಬ್ಬರೂ ಕೊಡೆ ತಂದಿರಲಿಲ್ಲ. ಓಕ್ ಮರದ ಹತ್ತಿರ ಅವನು ನಿಂತ. ತಿರುಗಲಿಲ್ಲ.

"ಅತ್ತಿಗೆ... ಕೇಳಿಸ್ತಾ?"

ಉಸಿರು ಬಿಗಿಹಿಡಿದೆ. ಹಳ್ಳದ ಗುಳುಗುಳು. ದೂರದಲ್ಲಿ ರೈಲು. ಅಷ್ಟೇ.

"ಏನಂದ್ರು?"

"ಅದೇ..."

ಮನೆ ತಲುಪುವವರೆಗೂ ಅವನ ಹಿಂದೆಯೇ ನಡೆದೆ. ಅಳು ಬರುತ್ತಿತ್ತು. ಇನ್ನೂ ಹೆಚ್ಚಾಗಿ ಸಿಟ್ಟು ಬರುತ್ತಿತ್ತು, ಅವನ ಮೇಲೂ, ಇವರ ಮೇಲೂ. ಬಾಗಿಲು ತೆಗೆದದ್ದು ಅವನ ಹೆಂಡತಿ ಶ್ರೀಲತಾ. ನನ್ನ ಕೋಟನ್ನು ಬಿಚ್ಚಿಸಿ ಮೊಳೆಗೆ ಹಾಕಲು ಹೋದವಳು, ಅದನ್ನು ದೀಪದ ಕೆಳಗೆ ಹಿಡಿದು ಮತ್ತೆ ಮತ್ತೆ ಮುಟ್ಟಿ ನೋಡಿದಳು. ನಂಬದಿದ್ದರೆ ಅವಳನ್ನು ಕೇಳಿ, ಈಗಲೂ ಹೇಳುತ್ತಾಳೆ. ಬಲದ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎಡಭುಜ ಒಣಗಿಯೇ ಇತ್ತು.