ನೆನೆಯದ ಪಟ್ಟಿ

ದೀಪ ಸಣ್ಣ ಮಾಡಿ. ದೆವ್ವಕ್ಕೇ ಬೀಡಿ ಹಚ್ಚಿಕೊಟ್ಟ ಮುದುಕ ನಾನು, ನನ್ನ ಮಾತಲ್ಲಿ ಸುಳ್ಳು ಹುಡುಕಬೇಡಿ. ಇದು ನನ್ನ ಷಡ್ಡಕನ ಮಗಳಿಗೆ ಆದದ್ದು.

ಅವಳು ನರ್ಸು. ಕ್ಯಾನ್ಸರ್ ಗಂಟು ಚರ್ಮ ಒಡೆದು ಹುಣ್ಣಾದವರ ಮನೆಗೇ ಹೋಗಿ ಪಟ್ಟಿ ಬದಲಿಸುವವಳು. ಒಣಗಿ ಅಂಟಿದ ಪಟ್ಟಿಯನ್ನು ಎಂದೂ ಕೀಳಳು. ಬೆಚ್ಚಗಿನ ಉಪ್ಪುನೀರು ಹನಿಸಿ, ಅದಾಗಿ ಬಿಟ್ಟುಕೊಳ್ಳುವವರೆಗೆ ಕಾಯುತ್ತಾಳೆ. ಕಿತ್ತರೆ ರಕ್ತ ಕೋಡಿ ಹರಿದೀತು.

ಒಬ್ಬ ದರ್ಜಿಗೆ ಕುತ್ತಿಗೆಯಲ್ಲಿ ಹುಣ್ಣಾಗಿತ್ತು. ಪಟ್ಟಿ ನೆನೆಯುವಷ್ಟು ಹೊತ್ತೂ ಕತ್ತರಿ ಆಡಿಸುತ್ತಿದ್ದ... ಕಚಕ್... ಕಚಕ್. "ಅವಸರ ಬೇಡ ತಾಯಿ, ನೆನೀಲಿ" ಅನ್ನುತ್ತಿದ್ದ. ಪಾಪ, ಹೋಗಿಬಿಟ್ಟ.

ಆಮೇಲೊಂದು ದಿನ ಬೆಳಿಗ್ಗೆ ಹಾಲು ಮಾರುವ ಅಜ್ಜಿಯ ಎದೆಯ ಹುಣ್ಣಿಗೆ ಪಟ್ಟಿ ಕಟ್ಟಿದಳು. ಸೊಸೆ ಮೂಗು ಮುಚ್ಚಿಕೊಂಡಿದ್ದಳು.

"ಅಕ್ಕಾ, ನಾಳೆ ನಮ್ಮ ತವರಿನವರು ಬರ್ತಾರೆ. ಈ ವಾಸನೆ?"

"ಮಾತ್ರೆ ಪುಡಿ ಉದುರಿಸಿದೀನಿ, ಕಡಿಮೆಯಾಗುತ್ತೆ. ನಾನಿಲ್ಲದೆ ಬಿಚ್ಚಬೇಡ."

"ಹಾಲು ಒಡೆದಾಗ್ಲೂ ಇವಳು ಇಷ್ಟು ಮೂಗು ಮುಚ್ಚಿರಲಿಲ್ಲ" ಎಂದು ಅಜ್ಜಿ ನಕ್ಕಳು.

ಅಂದು ಕೆಲಸ ಮುಗಿಯುವಾಗ ರಾತ್ರಿ ಬಹಳವಾಗಿತ್ತು. ಚಪ್ಪಡಿ ಮುಚ್ಚಿದ ಹಳೇ ಬಾವಿಯ ದಾರಿ. ನಾಯಿಯೂ ಇಲ್ಲ.

ಕಚಕ್...

ನಿಂತಳು.

ಕಚಕ್.

"ಯಾರು?"

ತೂತು ಬಿದ್ದ ತಿದಿಯಿಂದ ಗಾಳಿ ಸೋರಿದ ಹಾಗೆ ಪಿಸುಮಾತು. "ತಾಯಿ... ಓಡು. ಅಜ್ಜಿ ಪಟ್ಟಿ... ಸೊಸೆ ಒಣಗಿದ್ದನ್ನ ಕೀಳ್ತಿದಾಳೆ."

ಬದುಕಿದ್ದಾಗ ಒಮ್ಮೆಯೂ ಅವಸರಪಡಿಸದ ಮನುಷ್ಯ! ಅವಳು ಎದ್ದೆನೋ ಬಿದ್ದೆನೋ ಅಂತ ಓಡಿದಳು.

ಸೊಸೆಯ ಕೈಯಲ್ಲಿ ಅರ್ಧ ಕಿತ್ತ ಪಟ್ಟಿ. ಅಜ್ಜಿಯ ಸೀರೆ ರಕ್ತದಲ್ಲಿ ತೊಯ್ದಿತ್ತು. "ಹೊಸದು ಕಟ್ಟೋಣ ಅಂತ... ನಿಲ್ತಾನೇ ಇಲ್ಲ ಅಕ್ಕಾ!"

"ಬಿಡು ಅದನ್ನ! ಕಪ್ಪು ಟವೆಲ್ ತಾ, ಅಜ್ಜಿಗೆ ರಕ್ತ ಕಾಣಬಾರದು."

ಒತ್ತಿ ಹಿಡಿದು ಕೂತಳು... ಕೈ ಜೋಮು ಹಿಡಿದರೂ ಬಿಡಲಿಲ್ಲ. ಕೊನೆಗೆ ರಕ್ತ ನಿಂತಿತು.

ಅಜ್ಜಿ ಕಣ್ಣು ಬಿಟ್ಟಳು. "ಇನ್ನೂ ಇದೀನಾ?"

"ಇದೀರಿ."

"ಹಾಗಾದ್ರೆ ಸೊಸೆಗೆ ನೀನು ಬೈಬೇಡ. ಆ ಕೆಲಸ ನಂದು."

ಬೆಳಕು ಹರಿಯುವಾಗ ಅವಳು ನನ್ನ ಬಾಗಿಲು ತಟ್ಟಿ, ಬಾವಿಯ ಹತ್ತಿರ ಕರೆದೊಯ್ದಳು. ಚಪ್ಪಡಿಯ ಮೇಲೆ ಕುತ್ತಿಗೆ ಅಳತೆಯ ಒಂದು ಪಟ್ಟಿ, ಮಡಿಸಿಟ್ಟಿತ್ತು. ನಂಬದಿದ್ದರೆ ಬಿಡಿ, ಇದೇ ಬೆರಳಿಂದ ಮುಟ್ಟಿದ್ದೇನೆ.

ಒದ್ದೆಯಾಗಿತ್ತು. ಇನ್ನೂ ಬೆಚ್ಚಗಿತ್ತು.